ಒಳಗೆ ಯಾರೂ ಇಲ್ಲ

ಅವಳಿನಗರದಲ್ಲಿ ಯಾರೂ ಕಳೆದುಹೋಗುವುದಿಲ್ಲ ಎಂದು ಸಂಚಾರ ಮಂಡಳಿಯವರು ಗೋಡೆಗೋಡೆಯ ಮೇಲೆ ಬರೆಸಿದ್ದರು. ಬರೆಸುವುದಕ್ಕೇನು, ಗೋಡೆ ಅವರದು, ಬಣ್ಣ ಅವರದು. ಆದರೆ ಜನ ಅದನ್ನು ನಂಬಿದ್ದರು. ನೀಲಗಂಗಾ ಅಂತೂ ಕಣ್ಣುಮುಚ್ಚಿ ನಂಬಿದ್ದಳು. ಆ ಮಂಡಳಿಯ ನಿಯಂತ್ರಣ ಕೊಠಡಿಯಲ್ಲೇ ಆರು ವರ್ಷದಿಂದ ಅವಳ ಅನ್ನ ಹುಟ್ಟುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ರೊಟ್ಟಿ ಬೇಯಿಸುತ್ತಿದ್ದಾಗ ಗಂಡ ಸಂಗಮೇಶ ಫೋನ್ ಮಾಡಿದ. ಹದಿನೈದು ದಿನದ ತರಬೇತಿಗೆಂದು ವಿಜಯಪುರಕ್ಕೆ ಹೋದವನಿಗೆ ಅಲ್ಲಿಯ ಊಟ ಸೇರುತ್ತಿರಲಿಲ್ಲ.

"ಇವತ್ತ ಅಮಾಸಿ ಅಲ್ಲೇನ? ಚಿಗವ್ವನ ಕಡಬು ಬಂದೂವೇನು? ನನ್ನ ಪಾಲಿಂದೂ ನೀನ ಹೊಡೀಬ್ಯಾಡ ಮತ್ತ."

"ಇನ್ನೂ ಬಂದಿಲ್ರಿ. ಒಂಬತ್ತೂವರೆಯಾತು. ನಾ ಹೊರಡೂದ್ರಾಗ ಬರಬೇಕಾಗಿತ್ತು."

"ನೋಡು, ಎಲ್ಲಿ ಅದಾಳ ಅಂತ."

ನೋಡುವುದೆಂದರೆ ಫೋನ್ ತೆರೆಯುವುದು. ಅವಳಿನಗರದಲ್ಲಿ ಯಾರೂ ಈಗ ಒಬ್ಬರಿಗೊಬ್ಬರು "ಮನಿ ಮುಟ್ಟಿದ್ಯಾ?" ಎಂದು ಕೇಳುತ್ತಿರಲಿಲ್ಲ. ಸುರಂಗ ರೈಲಿನ ಠಾಣೆಯಲ್ಲಿ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಕಂಬಕ್ಕೆ ಕಾರ್ಡು ತಾಗಿಸಿದರೆ ಮನೆಯವರ, ನೆರೆಯವರ ಫೋನಿನಲ್ಲಿ ಹಸಿರು ಗುರುತು ಮೂಡುತ್ತಿತ್ತು. ಹಸಿರು ಕಂಡರೆ ಮನುಷ್ಯ ಸುಖವಾಗಿದ್ದಾನೆ ಎಂದು ಅರ್ಥ. ಅಷ್ಟಕ್ಕೇ ಜನ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ನೀಲಗಂಗಾ ಹಿಟ್ಟಿನ ಕೈಯಲ್ಲೇ ತೆರೆದಳು. ಫಕೀರವ್ವ: ಕೆರಿದಂಡಿ, ಒಳಗೆ 9.05. ಹತ್ತಿಸಂತೆ, ಹೊರಗೆ 9.26. ಪಕ್ಕದಲ್ಲಿ ಹಸಿರು.

"ಕೆಲಸಕ್ಕ ಹೋಗ್ಯಾಳ" ಎಂದಳು. ಹೇಳಿದ ಮೇಲೆ ಅವಳಿಗೇ ವಿಚಿತ್ರವೆನಿಸಿತು.

"ಅಮಾಸಿ ದಿನಾನ? ಚಿಗವ್ವ? ಛೇ, ಹೋಗ, ಸೂರ್ಯ ಪಶ್ಚಿಮದಾಗ ಹುಟ್ಟಿದಂಗಾತು" ಎಂದು ಸಂಗಮೇಶ ನಕ್ಕ. ಅವನನ್ನು ತರಗತಿಗೆ ಯಾರೋ ಕರೆದರು, ಫೋನ್ ಇಟ್ಟ.

ಚಿಗವ್ವ ಎಂದರೆ ಫಕೀರವ್ವ, ನೀಲಗಂಗಾಳ ತಾಯಿಯ ತಂಗಿ. ತಾಯಿ ತೀರಿಕೊಂಡಾಗ ನೀಲಗಂಗಾ ನಾಲ್ಕು ವರ್ಷದ ಕೂಸು. ಎತ್ತಿ ಆಡಿಸಿ, ಬೈದು ಬಡಿದು, ಓದಿಸಿ ದೊಡ್ಡವಳನ್ನಾಗಿ ಮಾಡಿದವಳು ಈಕೆ. ಈಗ ಅರವತ್ಮೂರು. ಸಕ್ಕರೆ ಕಾಯಿಲೆಯಿಂದ ಮೈ ಇಳಿದಿತ್ತು, ನಾಲಿಗೆ ಮಾತ್ರ ಇಳಿದಿರಲಿಲ್ಲ. "ಅಳಿಯನ ಮನ್ಯಾಗ ಕುಂತ್ರ ಅಳಿಯನೂ ಕೆಡ್ತಾನ, ನಾನೂ ಕೆಡ್ತೀನಿ" ಎಂದು ಕೆರಿದಂಡಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದಳು. ಗಿರಣಿಚಾಳದ ಕೇಂದ್ರವೊಂದರಲ್ಲಿ ಹುಡುಗಿಯರಿಗೆ ಹಳೇ ಸೀರೆಗಳಿಂದ ಕೌದಿ ಹೊಲಿಯುವುದನ್ನು ಕಲಿಸುತ್ತಿದ್ದಳು. ಗಿರಣಿಚಾಳ ಠಾಣೆ ಸೋಮವಾರ ದುರಸ್ತಿಗೆ ಮುಚ್ಚಿದ ಮೇಲೆ ಅಲ್ಲಿಗೆ ಹೋಗುವವರು ಪಕ್ಕದ ಹತ್ತಿಸಂತೆಯಲ್ಲಿ ಇಳಿಯುತ್ತಿದ್ದರು. ಆದರೆ ಅಮಾವಾಸ್ಯೆಯ ದಿನ ಅವಳು ಸೂಜಿ ಮುಟ್ಟಿದ್ದನ್ನು ಹೆತ್ತವರೂ ಕಂಡಿರಲಿಲ್ಲ. ಆ ದಿನ ಹೊಲಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂಬುದು ಅವಳ ನೇಮ. ಬೆಳಿಗ್ಗೆ ಎದ್ದು ಕಡಬು ಮಾಡಿ, ಡಬ್ಬಿ ಕಟ್ಟಿಕೊಂಡು ನೀಲಗಂಗಾಳ ಮನೆಗೆ ಬರುವುದು ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ.

ನೀಲಗಂಗಾ ಫೋನ್ ಹಚ್ಚಿದಳು. ಬಂದ್ ಇತ್ತು. ಮಂಗಳವಾರದಿಂದಲೂ ಬಂದ್ ಇತ್ತು. ಚಾರ್ಜಿಗೆ ಹಾಕುವುದೆಂದರೆ ಚಿಗವ್ವನಿಗೆ ಬೇಸರ, ಹೇಗೂ ಹಸಿರು ಬರುತ್ತಿದೆಯಲ್ಲ ಎಂದು ಇವಳೂ ಬಿಟ್ಟಿದ್ದಳು. ಈಗ ಮತ್ತೆ ಮತ್ತೆ ಹಚ್ಚಿದಳು. ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿದ್ದುದು ವಾಸನೆ ಬಂದ ಮೇಲೇ ಗೊತ್ತಾಯಿತು.

ಕೆರಿದಂಡಿಯ ಖೋಲಿಗೆ ಬೀಗ ಹಾಕಿತ್ತು. ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಹಾಲಿನವನು ಹಾಕಿಹೋದ ಪ್ಯಾಕೆಟ್‌ಗಳಿದ್ದವು. ಒಂದಲ್ಲ, ನಾಲ್ಕು. ಕೆಳಗಿನ ಮೂರು ಉಬ್ಬಿ, ಒಂದು ಒಡೆದು, ಹುಳಿನೀರು ಹೊಸ್ತಿಲ ಮೇಲೆ ಹರಿದು ಒಣಗಿತ್ತು.

"ಅಯ್ಯ, ನಮ್ಮವ್ವ" ಎಂದಳು ನೀಲಗಂಗಾ. ಹೊಸ್ತಿಲ ಮೇಲೇ ಕುಳಿತಳು. ಪಕ್ಕದ ಖೋಲಿಯಾಕೆ ಹೊರಗೆ ಬಂದು, ತನ್ನ ಫೋನನ್ನೇ ತೋರಿಸಿ ಸಮಾಧಾನ ಹೇಳಿದಳು. "ಅಂಜಬ್ಯಾಡ್ರಿ. ನಾನೂ ದಿನಾ ನೋಡ್ತೀನಲ್ಲ, ಹೋಗ್ತಾರ, ಬರ್ತಾರ. ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟ."

ನೀಲಗಂಗಾ ಅಲ್ಲಿಂದ ನೇರ ನಿಯಂತ್ರಣ ಕೊಠಡಿಗೆ ಬಂದಳು. ನಿಯಮದಂತೆ ಫೋನನ್ನು ಬಾಗಿಲ ಬಳಿಯ ಕಪಾಟಿನಲ್ಲಿಟ್ಟು ಒಳಗೆ ಹೋದಳು. ತನ್ನ ಪರದೆಯ ಮುಂದೆ ಕುಳಿತು ಚಿಗವ್ವನ ಹೆಸರು ಹಾಕಿದಳು.

ಇಲ್ಲಿ ಪೂರಕದ ಬಗ್ಗೆ ಎರಡು ಮಾತು ಹೇಳಲೇಬೇಕು. ಹತ್ತಿದ ಠಾಣೆಗೂ ಇಳಿದ ಠಾಣೆಗೂ ನಡುವೆ ಎಷ್ಟು ದೂರವೋ ಅಷ್ಟು ದರ, ಇದು ರೈಲಿನ ಪದ್ಧತಿ. ಇಳಿದಾಗ ಕಾರ್ಡು ತಾಗಿಸಲು ಮರೆತರೆ ಪ್ರಯಾಣ ಮುಗಿಯದು, ಕೊನೆಯ ಠಾಣೆಯವರೆಗಿನ ಪೂರಾ ದರ ಬೀಳುತ್ತಿತ್ತು. ಮರೆಯುವವರು ದಿನಕ್ಕೆ ಸಾವಿರ ಮಂದಿ. ಬೈಗುಳ ತಿಂದು ತಿಂದು ಸಾಕಾಗಿ ಮಂಡಳಿಯವರು ಪೂರಕವೆಂಬ ಯಂತ್ರಬುದ್ಧಿಯನ್ನು ತಂದರು. ನೀವು ಮರೆತರೆ ಅದು ನಿಮ್ಮ ರೂಢಿಯನ್ನು ನೋಡಿ, ಎಲ್ಲಿ ಇಳಿದಿರಬೇಕೆಂದು ಊಹಿಸಿ, ಪ್ರಯಾಣವನ್ನು ತಾನೇ ಮುಗಿಸುತ್ತಿತ್ತು. ಊಹೆ ತಪ್ಪುತ್ತಲೇ ಇರಲಿಲ್ಲ. ಜನಕ್ಕೆ ಅಷ್ಟೇ ಬೇಕಾಗಿತ್ತು. ಇಳಿಯುವಾಗ ತಾಗಿಸುವುದನ್ನೇ ಬಿಟ್ಟರು, ಗೇಟುಗಳನ್ನೂ ಹಗಲೆಲ್ಲ ತೆರೆದಿಟ್ಟರು. ಆಮೇಲೆ ಪೂರಕ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಂಜೆ ಮನೆಗೆ ಬಂದವಳು ಬೆಳಿಗ್ಗೆ ಹೊರಡಲೇಬೇಕಲ್ಲ? ಹತ್ತಿದ ಗುರುತು ಇಲ್ಲದಿದ್ದರೆ ಕಂಬವೇ ಕೆಟ್ಟಿರಬೇಕೆಂದು ಅದನ್ನೂ ತುಂಬಿತು.

ತನಗೆ ನಂಬಿಕೆ ಸಾಲದಾದಾಗ ಮಾತ್ರ ಅದು ನಿಯಂತ್ರಣ ಕೊಠಡಿಯ ಮನುಷ್ಯರನ್ನು ಕೇಳುತ್ತಿತ್ತು. ಪರದೆಯ ಮೇಲೆ ಎರಡು ಗುಂಡಿ: 'ಗೊತ್ತಿಲ್ಲ', 'ಬಲ್ಲೆ'. ಗೊತ್ತಿಲ್ಲ ಎಂದರೆ ಕಾವಲುಗಾರ ಠಾಣೆಯನ್ನೆಲ್ಲ ಹುಡುಕಬೇಕು, ಪ್ರಯಾಣಿಕನಿಗೆ ಪೂರಾ ದರ ಬೀಳುತ್ತದೆ. ಬಲ್ಲೆ ಎಂದರೆ, ಈ ಮನುಷ್ಯ ನನಗೆ ಪರಿಚಯ, ಊಹೆ ಸರಿ ಎಂದು ಸಾಕ್ಷಿ. ಕೊಠಡಿಯವರೆಲ್ಲ ತಮ್ಮ ಸೋದರಮಾವ, ಓಣಿಯ ಹಾಲಿನವನು, ಮಗಳ ಟೀಚರು, ಯಾರ ಹೆಸರು ಬಂದರೂ ಬಲ್ಲೆ ಒತ್ತುತ್ತಿದ್ದರು. ಅದೊಂದು ಉಪಕಾರವೆಂದೇ ಎಲ್ಲರ ಭಾವನೆಯಾಗಿತ್ತು.

ಪರದೆಯ ಮೇಲೆ ಚಿಗವ್ವನ ನಾಲ್ಕು ದಿನಗಳು ಬಂದವು. ಪೂರಕ ತುಂಬಿದ ಗುರುತಿನ ಮುಂದೆ ಒಂದು ಚುಕ್ಕೆ ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ನೀಲಗಂಗಾ ನೋಡಿದಳು. ಇಂದಿನ ಎರಡಕ್ಕೂ ಚುಕ್ಕೆ. ಗುರುವಾರದ ನಾಲ್ಕಕ್ಕೂ ಚುಕ್ಕೆ. ಬುಧವಾರ, ಮಂಗಳವಾರ, ಎಲ್ಲಕ್ಕೂ ಚುಕ್ಕೆ. ಯಂತ್ರಕ್ಕೆ ವಾರ ಗೊತ್ತಿತ್ತು, ತಿಥಿ ಗೊತ್ತಿರಲಿಲ್ಲ. ಚುಕ್ಕೆಯಿಲ್ಲದ ಕೊನೆಯ ಗುರುತು ಸೋಮವಾರ ಸಂಜೆಯದು: ಗಿರಣಿಚಾಳ, ಒಳಗೆ 5.31.

ಅದರ ಕೆಳಗಿನ ಸಾಲನ್ನು ಅವಳು ಎರಡು ಸಲ ಓದಿದಳು. ಹೊರಗೆ, ಕೆರಿದಂಡಿ 5.52. ನಂಬಿಕೆ ನೂರಕ್ಕೆ ನಲವತ್ತು. ಸಾಕ್ಷಿ: ನೀಲಗಂಗಾ ಹೊಸಗೌಡ್ರ. ಬಲ್ಲೆ.

ನೆನಪಿತ್ತು, ಚೆನ್ನಾಗಿ ನೆನಪಿತ್ತು. ಪಾಳಿ ಮುಗಿಯುವ ಹೊತ್ತು. ಆ ಸಂಜೆ ಆರಕ್ಕೆ ಗಿರಣಿಚಾಳ ಠಾಣೆಯನ್ನು ದುರಸ್ತಿಗೆ ಮುಚ್ಚುವುದಿತ್ತು. ಒಳಗಿನ ಎಣಿಕೆ ಸೊನ್ನೆಗೆ ಬಂದೊಡನೆ ಯಂತ್ರವೇ ಕದ ಇಳಿಸಬೇಕು, ಆದರೆ ಎಣಿಕೆ ಒಂದರಲ್ಲಿ ಸಿಕ್ಕಿಕೊಂಡಿತ್ತು. ಆ ಒಂದು ಚಿಗವ್ವ. "ನಮ್ಮ ಚಿಗವ್ವನ ನೋಡ್ರಿ, ಎಂದಿನಂಗ ಮರತಾಳ. ಪಾಪ, ಯಾಕ ಪೂರಾ ದರ ಬೀಳಬೇಕು" ಎಂದು ನಗುತ್ತ ಒತ್ತಿದ್ದಳು. ಎಣಿಕೆ ಸೊನ್ನೆಯಾಗಿತ್ತು. 'ಗಿರಣಿಚಾಳ: ಒಳಗೆ ಯಾರೂ ಇಲ್ಲ. ಮುಚ್ಚಲಾಗುತ್ತಿದೆ' ಎಂದು ಪರದೆ ಹೇಳಿತ್ತು. ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೋಗಿದ್ದಳು. ಮನುಷ್ಯರೇ ಸಾಕ್ಷಿ ನುಡಿದ ಮೇಲೆ ಪೂರಕ ಮತ್ತೆ ಕೇಳಲಿಲ್ಲ. ಮುಂದಿನ ದಿನಗಳನ್ನೆಲ್ಲ ತುಂಬು ನಂಬಿಕೆಯಿಂದ ತುಂಬಿಕೊಂಡು ಹೋಗಿತ್ತು.

"ಸರ್, ಗಿರಣಿಚಾಳದಾಗ ಮನಷ್ಯಾರ ಅದಾರ್ರಿ!" ಅವಳ ಕೂಗಿಗೆ ಕೊಠಡಿಯೆಲ್ಲ ತಿರುಗಿ ನೋಡಿತು.

ಮೇಲ್ವಿಚಾರಕರಾದ ಕುಂದರಗಿ ಸಾಹೇಬರು ಕೆಟ್ಟವರಲ್ಲ. ಚಹಾದ ಲೋಟ ಕೆಳಗಿಟ್ಟು ಬಂದರು, ಪೂರಾ ಕೇಳಿದರು, ಪರದೆ ನೋಡಿದರು. "ಎಣಿಕೆ ಸೊನ್ನಿ ಐತೆಲ್ರಿ, ನೀಲಗಂಗಾ ಅವರ. ನಿಮ್ಮ ಚಿಗವ್ವ ಹತ್ತಿಸಂತ್ಯಾಗ ಇಳದಾರ, ಇಲ್ನೋಡ್ರಿ."

"ಯಾರ ನೋಡ್ಯಾರ ಸರ್? ಯಾರ ಕಣ್ಣಿಲೆ ನೋಡ್ಯಾರ? ಎಲ್ಲಾ ಚುಕ್ಕಿ ಅದಾವ!"

"ಚುಕ್ಕಿ ಯಾರಿಗಿಲ್ರಿ? ಅರ್ಧ ಊರಿಗೆ ಚುಕ್ಕಿ ಅದಾವ. ಹಂಗಂತ ಎಲ್ಲಾ ಠಾಣೆ ತೆಗಸಲೇನು?" ಸ್ವಲ್ಪ ತಗ್ಗಿದ ದನಿಯಲ್ಲಿ ಸೇರಿಸಿದರು, "ಮತ್ತ ಬಲ್ಲೆ ಅಂದವರು ನೀವ ಅಲ್ಲೇನ್ರಿ?"

ಆ ಮಾತು ಕಪಾಳಕ್ಕೆ ಹೊಡೆದಂತಾಯಿತು. "ತಪ್ಪಾತು ಸರ್. ನಂದು ತಪ್ಪಾತು. ಅದನ್ನ ತಿರುಗಿ ತಗೊಳ್ಳಾಕ ಹೆಂಗ ಮಾಡಬೇಕು ಹೇಳ್ರಿ."

ಕುಂದರಗಿಯವರು ಪರದೆಯ ಮೇಲೆ ಹುಡುಕಿದರು, ಅವಳೂ ಹುಡುಕಿದಳು. ಬಲ್ಲೆ ಎಂದದ್ದನ್ನು ಅಲ್ಲವೆನ್ನಲು ಗುಂಡಿಯನ್ನೇ ಇಟ್ಟಿರಲಿಲ್ಲ. ಮುಚ್ಚಿದ ಠಾಣೆ ತೆರೆಯಲು ಮೇಲಿನವರ ಸಹಿ ಬೇಕು. ಅಮಾವಾಸ್ಯೆ, ದೊಡ್ಡ ಸಾಹೇಬರು ಮನೆ ಬಿಟ್ಟು ಹೊರಗೆ ಬೀಳುವುದಿಲ್ಲ. ನಾಳೆ ನಾಡಿದ್ದು ಸೂಟಿ. "ಸೋಮವಾರ ಮಾಡಸೋಣು. ದುರಸ್ತಿ ಟೆಂಡರ್ ಸುದ್ದಾ ಇನ್ನೂ ಆಗಿಲ್ಲ, ಠಾಣೆ ಎಲ್ಲಿ ಓಡಿ ಹೋಗ್ತೈತ್ರಿ?" ಎಂದರು. ಪೊಲೀಸರಿಗೂ ಅಲ್ಲಿಂದಲೇ ಫೋನ್ ಮಾಡಿಕೊಟ್ಟರು. ಪೊಲೀಸರು ಹೆಸರು ಹಾಕಿ ನೋಡಿ, ಹಸಿರು ಇದೆಯಲ್ಲಮ್ಮ ಎಂದರು.

ನೀಲಗಂಗಾ ಮೇಜಿನ ಖಾನೆಯಿಂದ ತಪಾಸಣೆ ಕಾರ್ಡು ತೆಗೆದುಕೊಂಡಳು. ತಿಂಗಳಿಗೊಮ್ಮೆ ಯಾವುದಾದರೂ ಠಾಣೆ ನೋಡಿಬರಲೆಂದು ಎಲ್ಲರಿಗೂ ಕೊಟ್ಟದ್ದು. ಅದರಿಂದ ಮುಚ್ಚಿದ ಕದವೂ ತೆರೆಯುತ್ತದೆ, ಒಬ್ಬರಿಗೆ, ಒಮ್ಮೆ ಒಳಗೆ, ಒಮ್ಮೆ ಹೊರಗೆ. ಯಾರಿಗೂ ಹೇಳದೆ ಓಡಿದಳು. ಕಪಾಟಿನಲ್ಲಿಟ್ಟ ಫೋನಿನ ನೆನಪು ಆಟೋ ಅರ್ಧ ದಾರಿ ಹೋದ ಮೇಲೆ ಬಂತು. ತಿರುಗಿ ಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

ಗಿರಣಿಚಾಳ ಠಾಣೆಯ ಬಾಯಿಯ ಬಳಿ ನರಪಿಳ್ಳೆ ಇರಲಿಲ್ಲ. ರೈಲು ನಿಂತ ಮೇಲೆ ಗಿರಾಕಿಯಿಲ್ಲದೆ ಅಂಗಡಿಗಳೂ ಹಗಲು ಮುಚ್ಚಿದ್ದವು. ಮೆಟ್ಟಿಲಿಳಿದು ಕಂಬಕ್ಕೆ ಕಾರ್ಡು ತಾಗಿಸಿದಳು. ಉಕ್ಕಿನ ಕದ ಕಿರುಗುಟ್ಟುತ್ತ ಮೇಲೆದ್ದಿತು. ಅದರ ಹಿಂದೆ ಛಾವಣಿ ಮುಟ್ಟುವ ತಿರುಗು ಬಾಗಿಲು. ಗೇಟೆಲ್ಲ ತೆರೆದಿಡುವ ದಿನಗಳಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಅವಳನ್ನು ಒಳಗೆ ಬಿಟ್ಟು ಅದು ಟಕ್ ಎಂದು ನಿಂತಿತು. ಒಳಗೆ ಒಂದೇ ಒಂದು ಮಂದ ದೀಪ, ಮುಗ್ಗಲು ವಾಸನೆ.

"ಚಿಗವ್ವಾ!"

ಎಲ್ಲೋ ಕೆಳಗಿನಿಂದ ಒಂದು ಸದ್ದು ಬಂತು. ಟಕ್. ತಡೆದು ಮತ್ತೊಮ್ಮೆ, ಟಕ್.

ಶೌಚಾಲಯದ ಬಾಗಿಲ ಬಳಿ ಅವಳಿದ್ದಳು. ಅರ್ಧ ಹೊಲಿದ ಕೌದಿಯನ್ನು ಹೊದ್ದು, ಗೋಡೆಗೆ ಒರಗಿ, ಕೈಯಲ್ಲಿದ್ದ ಕತ್ತರಿಯಿಂದ ನೀರಿನ ಕೊಳವೆಯನ್ನು ಬಡಿಯುತ್ತಿದ್ದಳು. ಕಣ್ಣು ಒಳಗೆ ಹೋಗಿದ್ದವು. ನೀಲಗಂಗಾ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ಬಂದ್ಯಾ" ಎಂದಳು ಫಕೀರವ್ವ, ಒಣ ತುಟಿಯಲ್ಲಿ. "ಸೋಮವಾರ ತಲಿ ತಿರುಗಿ ಇಲ್ಲೇ ಬಿದ್ನೆವಾ. ಎಚ್ಚರಾದಾಗ ಎಲ್ಲಾ ಬಂದ್, ಫೋನೂ ಸತ್ತಿತ್ತು. ಆ ಕಂಬಕ್ಕ ಕಾರ್ಡು ಹಚ್ಚಿ ಹಚ್ಚಿ ಕೈ ಸೋತೂವು. ಚೀಲದಾಗ ಶೇಂಗಾ ಉಂಡಿ ಇದ್ದೂ, ತಿಂದೆ. ಬೈಬ್ಯಾಡ ಮತ್ತ."

"ಬೈಯೂದಿಲ್ಲ ಚಿಗವ್ವಾ. ಏಳು, ಹೋಗೂಣು."

"ದಿನಾ ಬಡಿದ್ನೆವಾ. ನೀಲಾ ಅಲ್ಲೇ ಕೆಲಸ ಮಾಡ್ತಾಳ, ಆಕಿ ನೋಡೇ ನೋಡ್ತಾಳ ಅಂದ್ಕೊಂಡೆ."

ನಾನೇ ನಿನ್ನನ್ನು ಕೂಡಿಹಾಕಿದೆ ಎಂಬ ಮಾತು ನುಂಗಿಕೊಂಡು ನೀಲಗಂಗಾ ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಎತ್ತಿ, ಹೊತ್ತು, ಒಂದೊಂದೇ ಮೆಟ್ಟಿಲು ಹತ್ತಿಸಿ ತಿರುಗು ಬಾಗಿಲಿಗೆ ತಂದಳು. ಚಿಗವ್ವನ ಕಾರ್ಡು ಕಂಬಕ್ಕೆ ತಾಗಿಸಿದಳು. ನಾಲ್ಕು ದಿನ ಸತ್ತಿದ್ದ ಕಂಬಕ್ಕೆ, ನೀಲಗಂಗಾ ಕದ ತೆರೆದು ಬಂದ ಮೇಲೆ, ಜೀವ ಬಂದಿತ್ತು. ಪುಟ್ಟ ಪರದೆಯಲ್ಲಿ ಅಕ್ಷರ ಮೂಡಿತು. 'ನಿಮ್ಮ ಪ್ರಯಾಣ ಮುಗಿದಿದೆ. ನೀವು ಹೊರಗಿದ್ದೀರಿ.' ಬಾಗಿಲು ಅಲ್ಲಾಡಲಿಲ್ಲ.

ಪಕ್ಕದ ತುರ್ತು ಬಾಗಿಲಿಗೆ ಮೈಯೊಡ್ಡಿ ನೂಕಿದಳು. ಟಿಕೆಟ್ ಇಲ್ಲದೆ ನುಸುಳುವವರ ಕಾಟಕ್ಕೆ ಅದನ್ನೂ ಎಣಿಕೆಗೇ ಜೋಡಿಸಿದ್ದರು. ತಪಾಸಣೆಗೆ ಬಂದ ಸಿಬ್ಬಂದಿ ಎಣಿಕೆಯಲ್ಲಿ ಇಲ್ಲ, ಹಾಗಾಗಿ ಒಳಗೆ ಯಾರೂ ಇಲ್ಲ, ಹಾಗಾಗಿ ಅದಕ್ಕೂ ಬೀಗ. ಇಬ್ಬರೂ ಒಟ್ಟಿಗೆ ತಿರುಗು ಬಾಗಿಲಲ್ಲಿ ನಿಂತು ತಪಾಸಣೆ ಕಾರ್ಡು ತಾಗಿಸಿ ನೋಡಿದರು. ಎರಡು ಮೈಯ ಭಾರ ತಿಳಿದು ಅದು ಕೆಂಪು ದೀಪ ಹಚ್ಚಿ ನಿಂತಿತು.

"ನೀ ಹೋಗವಾ" ಎಂದಳು ಚಿಗವ್ವ. "ಹೋಗಿ ಮಂದೀನ ಕರಕೊಂಡ ಬಾ. ನಾಕು ದಿನ ಇದ್ದಾಕಿ, ಇನ್ನೊಂದು ತಾಸು ಇರ್ತೀನಿ." ಹೇಳುತ್ತಿದ್ದಂತೆಯೇ ಅವಳ ತಲೆ ವಾಲಿತು, ಕೈ ತಣ್ಣಗಿತ್ತು, ಮಾತು ತೊದಲುತ್ತಿತ್ತು. ಒಂದು ತಾಸು ಇವಳು ಉಳಿಯುವುದಿಲ್ಲ ಎಂಬುದು ನೀಲಗಂಗಾಳಿಗೆ ಕಂಡಿತು. ಮತ್ತೆ ಒಂದು ಸಲ ಇವಳನ್ನು ಒಳಗೆ ಬಿಟ್ಟು ಹೋಗುವುದು ಅವಳ ಕೈಲಾಗುತ್ತಿರಲಿಲ್ಲ.

"ನೀ ಹೋಗು. ಮ್ಯಾಲ ಯಾರರ ಇರ್ತಾರ. ನೀಲಾ ಒಳಗದಾಳ ಅಂತ ಹೇಳು, ಅಷ್ಟ ಸಾಕು." ತನ್ನ ತಪಾಸಣೆ ಕಾರ್ಡು ತಾಗಿಸಿ, ಅದನ್ನೇ ಗುರುತಿಗೆಂದು ಚಿಗವ್ವನ ಕೈಗಿಟ್ಟು, ಹಿಂದಿನಿಂದ ನೂಕಿದಳು. ಬಾಗಿಲು ತಿರುಗಿತು. ಫಕೀರವ್ವ ಆ ಕಡೆ ಮೊಳಕಾಲೂರಿ ಬಿದ್ದಳು, ಸಾವರಿಸಿಕೊಂಡು ಮೆಟ್ಟಿಲು ಹಿಡಿದಳು. ಉಕ್ಕಿನ ಕದ ನಿಧಾನಕ್ಕೆ ಇಳಿದು ನೆಲ ಮುಟ್ಟಿತು.

ಮೇಲಿನ ಬೀದಿಯ ಸದ್ದು ಗಾಳಿಯ ಕೊಳವೆಯೊಳಗಿಂದ ಇಳಿದು ಬರುತ್ತಿತ್ತು. ನೀಲಗಂಗಾ ಅದರ ಕೆಳಗೆ ನಿಂತು ಕಿವಿಗೊಟ್ಟಳು. ಗಿರ್ಮಿಟ್ ತಿಂಡಿಯ ಗಾಡಿ ಹಚ್ಚಲು ಆಗ ತಾನೇ ಬಂದಿದ್ದ ಹೆಂಗಸೊಬ್ಬಳು ಚೀರಿದ್ದು ಕೇಳಿಸಿತು.

"ಯಾ ಅಲ್ಲಾ! ಏನಾತ್ರಿ ಅಜ್ಜಿ? ಏ ಆಟೋ, ಬಾರೋ ಇಲ್ಲೆ!"

"ನನ್ನ ಮಗಳು... ಒಳಗದಾಳ. ನೀಲಾ. ಕದಾ ತಗಸ್ರಿ."

"ಒಳಗ ಯಾರಿರ್ತಾರಬೇ, ಠಾಣೆ ಬಂದ್ ಐತಿ" ಎಂದಿತು ಗಂಡು ದನಿ. "ಕೈಯಾಗ ಅದೇನು ಕಾರ್ಡು? ತಾ ಇಲ್ಲೆ." ಕಾರ್ಡಿಗೆ ಫೋನ್ ತಾಗಿಸಿದರೆ ಅದರ ಒಡತಿ ಎಲ್ಲಿದ್ದಾಳೆಂದು ಯಾರಿಗಾದರೂ ತಿಳಿಯುತ್ತಿತ್ತು. ಅವನು ಓದಿದ. "ನೀಲಗಂಗಾ ಹೊಸಗೌಡ್ರ. ಗಿರಣಿಚಾಳದಿಂದ ಹೊರಗ, ಈಗ ಮನೀ ದಾರ್ಯಾಗ ಅದಾರ. ಹಸರ ಐತಿ, ನೋಡ್ರಿ."

"ಸುಳ್ಳದು! ನಾ ಕಣ್ಣಿಲೆ ನೋಡೀನಿ, ಒಳಗದಾಳ!"

ನೀಲಗಂಗಾ ಕೂಗಿದಳು. ಗಂಟಲು ಹರಿಯುವಂತೆ ಕೂಗಿದಳು. ಕೊಳವೆಯ ಬಾಯಲ್ಲಿ ತಿರುಗುತ್ತಿದ್ದ ಗಾಳಿಯಂತ್ರ ಅವಳ ದನಿಯನ್ನು ಅಲ್ಲೇ ಅರೆದುಹಾಕಿತು.

"ಸಕ್ಕರಿ ಏರಿರಬೇಕು, ಬಡಬಡಸಾಕತ್ತಾರ ಪಾಪ" ಎಂದಳು ಗಿರ್ಮಿಟ್ ಹೆಂಗಸು, ಮರುಕದಿಂದ. "ಮಗಳು ಮನಿಗೆ ಹೋಗ್ಯಾಳ ಅಜ್ಜಿ, ಅಂಜಬ್ಯಾಡ್ರಿ. ಹಿಡೀಪಾ, ಆ ಕಡೆ ಕಾಲು ಹಿಡಿ. ಮೊದಲ ದವಾಖಾನಿಗೆ ನಡಿ." ಫಕೀರವ್ವನ ಒದರಾಟ ಬರಬರುತ್ತ ಕ್ಷೀಣವಾಯಿತು. ಆಟೋ ಹೊರಟುಹೋಯಿತು.

ಚಿಗವ್ವ ಬದುಕುತ್ತಾಳೆ. ಅದೊಂದನ್ನು ನೀಲಗಂಗಾ ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದದ್ದನ್ನು ಯೋಚಿಸಬಾರದೆಂದರೂ ಆರು ವರ್ಷದ ಅಭ್ಯಾಸ ಬಿಡಲಿಲ್ಲ. ಹೊರಗೆ ಬಿದ್ದವಳು ಮನೆಗೆ ಹೋಗಲೇಬೇಕೆಂದು ಪೂರಕ ಈಗ ಅವಳ ಪ್ರಯಾಣ ಮುಗಿಸಲು ನೋಡುತ್ತದೆ. ಮನೆಯ ಠಾಣೆಯಲ್ಲಿ ಇಳಿದ ಗುರುತು ಸಿಗುವುದಿಲ್ಲ, ನಂಬಿಕೆ ಸಾಲದೆ ಕೊಠಡಿಯನ್ನು ಕೇಳುತ್ತದೆ. ಕುಂದರಗಿ ಸಾಹೇಬರ ಪರದೆಯ ಮೇಲೆ ಅವಳ ಹೆಸರು ಬರುತ್ತದೆ. ಪಾಪ, ಹುಡುಗಿ ಬಹಳ ಮನಸ್ಸಿಗೆ ಹಚ್ಚಿಕೊಂಡಾಳ, ಹೇಳದ ಕೇಳದ ಮನಿಗೆ ಹೋಗ್ಯಾಳ, ಯಾಕ ಆಕಿಗೆ ಪೂರಾ ದರ ಬೀಳಬೇಕು ಎನ್ನುತ್ತಾರೆ. ಅವರು ಕೆಟ್ಟವರಲ್ಲ. ವಿಜಯಪುರದಲ್ಲಿ ಸಂಗಮೇಶ ಹಸಿರು ನೋಡಿ ಊಟಕ್ಕೆ ಏಳುತ್ತಾನೆ.

ಕಂಬದ ಪುಟ್ಟ ಪರದೆ ಒಮ್ಮೆ ಮಿನುಗಿತು. 'ಗಿರಣಿಚಾಳ: ಒಳಗೆ ಯಾರೂ ಇಲ್ಲ' ಎಂದು ತೋರಿಸಿ ಆರಿಹೋಯಿತು. ಮಂದ ದೀಪವೂ ಆರಿತು.

ನೀಲಗಂಗಾ ಗೋಡೆ ಹಿಡಿದು, ತಡವರಿಸುತ್ತ ಕೆಳಗಿಳಿದಳು. ಶೌಚಾಲಯದ ಬಾಗಿಲ ಬಳಿ ಕಾಲಿಗೆ ಕೌದಿ ತೊಡರಿತು, ಇನ್ನೂ ಬೆಚ್ಚಗಿತ್ತು. ಅದನ್ನು ಹೊದ್ದು ಕುಳಿತು ಕತ್ತಲಲ್ಲಿ ನೆಲ ಸವರಿದಳು, ಕತ್ತರಿ ಸಿಕ್ಕಿತು. ಚಿಗವ್ವ ನಾಲ್ಕು ದಿನ ಬಡಿದಿದ್ದಳು. ನೀಲಗಂಗಾ ನೀರಿನ ಕೊಳವೆಯನ್ನು ಹುಡುಕಿ ಮೊದಲ ಪೆಟ್ಟು ಹಾಕಿದಳು.